ದಾಖಲೆಗಳ ನಡುವೆ ಕಳೆದುಹೋದ ಹುಡುಗಿ: ಸ್ಟೀಫನ್ ಕಿಂಗ್ ಅವರ ‘ಕ್ಯಾರಿ’

1974ರ ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕಿನ ಡಬಲ್‌ಡೇ ಪ್ರಕಾಶನ ಸಂಸ್ಥೆಯು ‘ಕ್ಯಾರಿ’ ಎಂಬ ಕಾದಂಬರಿಯನ್ನು ಹೊರತಂದಿತು. ಅದರ ಕರ್ತೃ ಸ್ಟೀಫನ್ ಕಿಂಗ್ ಅವರಿಗೆ ಆಗ ಇಪ್ಪತ್ತಾರು ವರ್ಷ. ಅದು ಅಚ್ಚಾದ ಅವರ ಮೊದಲ ಕಾದಂಬರಿ. ಸಹಪಾಠಿಗಳ ಅಪಹಾಸ್ಯಕ್ಕೆ ಈಡಾಗಿ ಬೆಳೆದ ಹದಿಹರೆಯದ ಹುಡುಗಿಯೊಬ್ಬಳು ತನ್ನಲ್ಲಿ ಅಡಗಿದ್ದ ಅತೀಂದ್ರಿಯ ಶಕ್ತಿಯಿಂದ ಊರನ್ನೇ ಸುಡುವ ಈ ಕಥೆ ಅಮೆರಿಕದ ಭಯಾನಕ ಸಾಹಿತ್ಯಕ್ಕೆ ಹೊಸ ತಿರುವು ಕೊಟ್ಟಿತು. ಚಲನಚಿತ್ರದ ಮೂಲಕ ಈ ಕೃತಿಯನ್ನು ಬಲ್ಲವರಿಗೆ ‘ಕ್ಯಾರಿ’ ಎಂದರೆ ರಕ್ತದಲ್ಲಿ ತೊಯ್ದ ಹುಡುಗಿ, ಬೆಂಕಿ ಮತ್ತು ಸೇಡು. ಮೂಲ ಕೃತಿಯನ್ನು ಕೈಗೆತ್ತಿಕೊಂಡವರಿಗಾದರೋ ಮೊದಲು ಎದುರಾಗುವುದು ಒಂದು ಪತ್ರಿಕಾ ವರದಿ. ಸ್ವಲ್ಪದರಲ್ಲೇ ಶಾಲೆಯ ಡೆಸ್ಕೊಂದರ ಮೇಲೆ ಯಾರೋ ಕೆತ್ತಿದ ಬೈಗುಳ ಕಾಣಿಸುತ್ತದೆ. ಮುಂದೆ ಕಾದಂಬರಿಯುದ್ದಕ್ಕೂ ವಿಚಾರಣಾ ಆಯೋಗದ ಸಾಕ್ಷ್ಯ, ಸಂಶೋಧನ ಗ್ರಂಥದ ಭಾಗ, ಆತ್ಮಕಥನ, ಖಾಸಗಿ ಪತ್ರ, ಸುದ್ದಿಸಂಸ್ಥೆಯ ತುಣುಕು ಒಂದರ ಹಿಂದೆ ಒಂದರಂತೆ ಬರುತ್ತವೆ. ಒಬ್ಬ ಹುಡುಗಿಯನ್ನು ಕುರಿತು ಇಷ್ಟೆಲ್ಲ ಬರೆಯಲಾಗಿದೆ. ಅವಳು ಬದುಕಿದ್ದಾಗ ಅವಳ ಮಾತನ್ನು ಕೇಳಿದವರೆಷ್ಟು ಮಂದಿ? ಕೃತಿಯ ತಿರುಳು ಈ ಪ್ರಶ್ನೆಯಲ್ಲಿದೆ.

ಲೇಖಕ ಮತ್ತು ಕಾಲ

ಸ್ಟೀಫನ್ ಎಡ್ವಿನ್ ಕಿಂಗ್ 1947ರ ಸೆಪ್ಟೆಂಬರ್ 21ರಂದು ಅಮೆರಿಕದ ಈಶಾನ್ಯ ತುದಿಯ ಮೇಯ್ನ್ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ಜನಿಸಿದರು. ಅವರು ಎರಡು ವರ್ಷದ ಕೂಸಾಗಿದ್ದಾಗ ತಂದೆ ಮನೆ ಬಿಟ್ಟುಹೋದರು. ತಾಯಿ ಸಣ್ಣಪುಟ್ಟ ಕೆಲಸಗಳನ್ನು ಮಾಡಿ ಇಬ್ಬರು ಗಂಡುಮಕ್ಕಳನ್ನು ಸಾಕಿದರು. 1970ರಲ್ಲಿ ಮೇಯ್ನ್ ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಪದವಿ ಪಡೆದ ಕಿಂಗ್, ಮರುವರ್ಷ ತಮ್ಮ ಸಹವಿದ್ಯಾರ್ಥಿನಿಯಾಗಿದ್ದ ಟ್ಯಾಬಿಥಾ ಸ್ಪ್ರೂಸ್ ಅವರನ್ನು ಮದುವೆಯಾದರು. ಕೆಲಕಾಲ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿದು, 1971ರಿಂದ ಹ್ಯಾಂಪ್ಡನ್ ಅಕಾಡೆಮಿ ಎಂಬ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ವಾರ್ಷಿಕ ಸಂಬಳ 6,400 ಡಾಲರ್. ಇಬ್ಬರು ಮಕ್ಕಳ ಸಂಸಾರ ಹರ್ಮನ್ ಎಂಬ ಹಳ್ಳಿಯ ಟ್ರೈಲರ್ ಮನೆಯಲ್ಲಿ ನಡೆಯುತ್ತಿತ್ತು. ಖರ್ಚು ಉಳಿಸಲೆಂದು ಟೆಲಿಫೋನನ್ನೂ ತೆಗೆಸಿದ್ದರು. ಗಂಡಸರ ನಿಯತಕಾಲಿಕಗಳಿಗೆ ಮಾರುತ್ತಿದ್ದ ಭಯಾನಕ ಕಥೆಗಳ ಸಂಭಾವನೆ ಆಗಾಗ ಮನೆಯ ಔಷಧಿ, ಬಾಡಿಗೆಗಳ ಕೊರತೆಯನ್ನು ತುಂಬುತ್ತಿತ್ತು.

‘ಕ್ಯಾರಿ’ ಮೊದಲು ಹುಟ್ಟಿದ್ದು ಅಂತಹ ಒಂದು ಸಣ್ಣಕಥೆಯಾಗಿಯೇ. ತಾರುಣ್ಯದಲ್ಲಿ ಕಿಂಗ್ ಶಾಲೆಯೊಂದರಲ್ಲಿ ಶುಚಿತ್ವದ ಕೆಲಸ ಮಾಡುವಾಗ ಹುಡುಗಿಯರ ಸ್ನಾನದ ಕೋಣೆಯ ಗೋಡೆಗಳ ತುಕ್ಕಿನ ಕಲೆಗಳನ್ನು ಉಜ್ಜಬೇಕಾಗಿ ಬಂದಿತ್ತು. ಸಾಮಾನ್ಯವಾಗಿ ಯಾವ ಗಂಡಸೂ ಕಾಲಿಡದ ಆ ಕೋಣೆಯ ನೆನಪು ಅವರಲ್ಲಿ ಉಳಿಯಿತು. ವಸ್ತುಗಳನ್ನು ಮನಸ್ಸಿನ ಬಲದಿಂದಲೇ ಚಲಿಸುವಂತೆ ಮಾಡುವ ‘ಟೆಲಿಕಿನೆಸಿಸ್’ ಶಕ್ತಿ ಹರೆಯಕ್ಕೆ ಕಾಲಿಡುವ ಹುಡುಗಿಯರಲ್ಲಿ ಕಾಣಿಸಿಕೊಳ್ಳಬಹುದೆಂಬ ಪತ್ರಿಕಾ ಲೇಖನವೊಂದನ್ನು ಅವರು ಓದಿದ್ದರು. ಈ ಎರಡೂ ಸೇರಿ ಕಥೆಯ ಮೊದಲ ದೃಶ್ಯವಾಯಿತು. ಮೂರು ಪುಟ ಬರೆದು, ಹುಡುಗಿಯರ ಲೋಕ ತಮಗೆ ತಿಳಿಯದೆಂದು ಕಿಂಗ್ ಅದನ್ನು ಕಸದ ಬುಟ್ಟಿಗೆ ಎಸೆದರು. ಆ ಹಾಳೆಗಳನ್ನು ಆರಿಸಿ, ಸಿಗರೇಟಿನ ಬೂದಿ ಕೊಡವಿ ಓದಿದವರು ಟ್ಯಾಬಿಥಾ. ಕಥೆ ಮುಂದುವರಿಯಬೇಕೆಂದು ಒತ್ತಾಯಿಸಿ, ತಿಳಿಯದ ವಿಷಯಗಳಲ್ಲಿ ನೆರವಾಗುವುದಾಗಿ ಹೇಳಿದವರೂ ಅವರೇ. ಕೃತಿ ಅವರಿಗೇ ಅರ್ಪಿತವಾಗಿದೆ.

ಕಾಲದ ಒತ್ತಡವೂ ಕೃತಿಯೊಳಗಿದೆ. ಐರಾ ಲೆವಿನ್ ಅವರ ‘ರೋಸ್‌ಮೆರೀಸ್ ಬೇಬಿ’ (1967), ವಿಲಿಯಂ ಪೀಟರ್ ಬ್ಲ್ಯಾಟಿ ಅವರ ‘ದಿ ಎಕ್ಸಾರ್ಸಿಸ್ಟ್’ (1971) ಕೃತಿಗಳು ಭಯಾನಕ ಕಾದಂಬರಿಯನ್ನು ಪಾಳುಕೋಟೆಗಳಿಂದ ಬಿಡಿಸಿ ನಗರದ ವಾಸದ ಮನೆಗೆ ತಂದಿದ್ದವು. ಇನ್ನೊಂದೆಡೆ ಮಹಿಳಾ ವಿಮೋಚನೆಯ ಚಳವಳಿ ಕಾಲೇಜುಗಳಲ್ಲಿ, ಪತ್ರಿಕೆಗಳಲ್ಲಿ ಬಲವಾಗಿತ್ತು. 1981ರ ‘ಡಾನ್ಸ್ ಮಕಾಬರ್’ ಎಂಬ ವಿಮರ್ಶಾಗ್ರಂಥದಲ್ಲಿ ಕಿಂಗ್ ‘ಕ್ಯಾರಿ’ಯನ್ನು ಕುರಿತು ಬರೆಯುತ್ತಾ, ಹೆಣ್ಣು ತನ್ನ ಶಕ್ತಿಯ ದಾರಿಗಳನ್ನು ಕಂಡುಕೊಳ್ಳುವ ಬಗೆ ಮತ್ತು ಅದರ ಬಗ್ಗೆ ಗಂಡಿನೊಳಗಿರುವ ಅಳುಕು ಎರಡೂ ಈ ಕೃತಿಯ ವಸ್ತುವೆಂದು ಒಪ್ಪಿಕೊಳ್ಳುತ್ತಾರೆ. ಅದೇ ಗ್ರಂಥದಲ್ಲಿ ಅವರು ವಿಸ್ತಾರವಾಗಿ ಚರ್ಚಿಸುವ ಶರ್ಲಿ ಜಾಕ್ಸನ್ ಅವರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ (1959) ಕಾದಂಬರಿಯ ಎಲಿನೋರ್ ಬಾಲಕಿಯಾಗಿದ್ದಾಗ ಅವಳ ಮನೆಯ ಮೇಲೆ ಕಲ್ಲಿನ ಮಳೆ ಸುರಿದಿತ್ತು. ‘ಕ್ಯಾರಿ’ಯ ಮೊದಲ ಪತ್ರಿಕಾ ವರದಿಯೂ ಮೂರು ವರ್ಷದ ಕೂಸಿನ ಮನೆಯ ಮೇಲೆ ಬಿದ್ದ ಕಲ್ಲಿನ ಮಳೆಯದೇ. ಪರಂಪರೆಯೊಂದನ್ನು ಅರಿತೇ ಈ ಬರಹಗಾರರು ಮುಂದುವರಿಸಿದರೆಂಬುದಕ್ಕೆ ಇಷ್ಟು ಸಾಕು.

ಇಬ್ಬರು ಸಹಪಾಠಿನಿಯರು

2000ದಲ್ಲಿ ಪ್ರಕಟವಾದ ‘ಆನ್ ರೈಟಿಂಗ್’ ಎಂಬ ಆತ್ಮಕಥನಾತ್ಮಕ ಗ್ರಂಥದಲ್ಲಿ ಕಿಂಗ್ ತಮ್ಮ ಶಾಲಾದಿನಗಳ ಇಬ್ಬರು ಹುಡುಗಿಯರನ್ನು ಹೆಸರು ಬದಲಿಸಿ ನೆನೆಯುತ್ತಾರೆ. ಕ್ಯಾರಿಯ ಪಾತ್ರಕ್ಕೆ ಮೂಲದ್ರವ್ಯ ಅವರಿಬ್ಬರು. ಒಬ್ಬಳು ತಾಯಿಯೊಂದಿಗೆ ವಾಸಿಸುತ್ತಿದ್ದಳು. ಆ ಮನೆಯಲ್ಲಿ ಕಣ್ಣಿಗೆ ರಾಚುವಷ್ಟು ದೊಡ್ಡ ಶಿಲುಬೆಯ ಪ್ರತಿಮೆ ಇತ್ತು. ಅವಳಿಗೆ ಮೂರ್ಛೆರೋಗವಿತ್ತು. ಇನ್ನೊಬ್ಬಳು ಬಡತನದಿಂದ ದಿನವೂ ಅದೇ ಬಟ್ಟೆ ತೊಟ್ಟು ಬರುತ್ತಿದ್ದಳು. ಒಮ್ಮೆ ಕ್ರಿಸ್‌ಮಸ್ ರಜೆ ಮುಗಿಸಿ ಬಂದಾಗ ಅವಳು ಹೊಸ ಉಡುಪು ತೊಟ್ಟಿದ್ದಳು, ಕೂದಲನ್ನು ಹೊಸ ಬಗೆಯಲ್ಲಿ ಸಿಂಗರಿಸಿಕೊಂಡಿದ್ದಳು. ಗೇಲಿ ನಿಲ್ಲಲಿಲ್ಲ; ಹೆಚ್ಚಾಯಿತು. ತಾವು ಅವಳಿಗೆ ಗೊತ್ತುಮಾಡಿದ ಜಾಗದಿಂದ ಅವಳು ಎದ್ದುಬರುವುದನ್ನು ತರಗತಿ ಸಹಿಸಲಿಲ್ಲ. ಕಿಂಗ್ ಕಾದಂಬರಿ ಬರೆಯುವ ಹೊತ್ತಿಗೆ ಇಬ್ಬರೂ ತೀರಿಕೊಂಡಿದ್ದರು. ಮೊದಲನೆಯವಳು ಮೂರ್ಛೆಯಲ್ಲಿ, ಎರಡನೆಯವಳು ಆತ್ಮಹತ್ಯೆಯಿಂದ.

ಕ್ಯಾರಿ ವೈಟ್ ಕೆಂಪು ಮಖಮಲ್ಲಿನ ಉಡುಪನ್ನು ತಾನೇ ಹೊಲಿದುಕೊಂಡು ಶಾಲೆಯ ನೃತ್ಯಕೂಟಕ್ಕೆ ಹೋಗುವ ಪ್ರಸಂಗದಲ್ಲಿ ಈ ನೆನಪು ಸ್ಪಷ್ಟವಾಗಿ ಕಾಣುತ್ತದೆ. ಆ ಹುಡುಗಿಯರನ್ನು ನೋಡುತ್ತಿದ್ದ ತರಗತಿಯಲ್ಲಿ ಕಿಂಗ್ ಕೂಡ ಕುಳಿತಿದ್ದರು ಎಂಬುದನ್ನು ಇಲ್ಲಿ ಗಮನಿಸಬೇಕು. ಕಥಾನಾಯಕಿಯ ಬಗ್ಗೆ ತಮಗೆ ಮೊದಲು ಪ್ರೀತಿ ಇರಲಿಲ್ಲವೆಂದು ಅವರು ಹೇಳಿಕೊಂಡಿದ್ದಾರೆ. ಅವಳನ್ನು ಸಂತಳನ್ನಾಗಿ ಚಿತ್ರಿಸುವ ಭಾವುಕತೆಯಿಂದ ಕೃತಿ ಪಾರಾಗಿರುವುದಕ್ಕೆ ಈ ಪ್ರಾಮಾಣಿಕತೆಯೂ ಒಂದು ಕಾರಣ.

ಹಿಂಸೆಯ ಹಂತಗಳು

ಕಥೆಯ ಹಂದರ ಸರಳವಾದುದು. ಮೇಯ್ನ್ ರಾಜ್ಯದ ಚೇಂಬರ್ಲೇನ್ ಎಂಬ ಕಲ್ಪಿತ ಊರು. 1979ರ ಬೇಸಗೆಯ ಆರಂಭ. ಕ್ಯಾರಿಯ ತಾಯಿ ಮಾರ್ಗರೆಟ್ ವೈಟ್ ಉಗ್ರ ಧರ್ಮಶ್ರದ್ಧೆಯ ಹೆಂಗಸು. ಹೆಣ್ಣಿನ ಮುಟ್ಟನ್ನೇ ಪಾಪದ ಗುರುತೆಂದು ನಂಬಿರುವ ಅವಳು ಮಗಳಿಗೆ ಅದರ ಬಗ್ಗೆ ಒಂದು ಮಾತನ್ನೂ ತಿಳಿಸಿಲ್ಲ. ಶಾಲೆಯ ಸ್ನಾನದ ಕೋಣೆಯಲ್ಲಿ ಮೊದಲ ಬಾರಿ ಮುಟ್ಟಾದಾಗ ಕ್ಯಾರಿ ತಾನು ಸಾಯುತ್ತಿದ್ದೇನೆಂದು ಕಿರುಚುತ್ತಾಳೆ. ಸಹಪಾಠಿಗಳು ನಗುತ್ತಾ ಅವಳ ಮೇಲೆ ಸ್ಯಾನಿಟರಿ ಪ್ಯಾಡುಗಳನ್ನು ಎಸೆಯುತ್ತಾರೆ. ಆ ಗುಂಪಿನಲ್ಲಿದ್ದ ಸ್ಯೂ ಸ್ನೆಲ್ ನಾಚಿಕೆಪಟ್ಟು, ಪ್ರಾಯಶ್ಚಿತ್ತವಾಗಿ ತನ್ನ ಗೆಳೆಯ ಟಾಮಿ ರಾಸ್ ಕ್ಯಾರಿಯನ್ನು ನೃತ್ಯಕೂಟಕ್ಕೆ ಕರೆದೊಯ್ಯುವಂತೆ ಮಾಡುತ್ತಾಳೆ. ಶಿಕ್ಷೆಗೆ ಒಳಗಾಗಿ ಕೂಟದಿಂದ ಹೊರಗುಳಿದ ಕ್ರಿಸ್ ಹಾರ್ಗೆನ್ಸನ್ ಸೇಡಿನಿಂದ, ವೇದಿಕೆಯ ಮೇಲೆ ನಿಂತ ಕ್ಯಾರಿಯ ತಲೆಯ ಮೇಲೆ ಹಂದಿಯ ರಕ್ತ ಸುರಿಯುವಂತೆ ಸಂಚು ಹೂಡುತ್ತಾಳೆ. ಸಭಾಂಗಣ ನಗುತ್ತದೆ. ಮುಂದಿನದು ವಿನಾಶ.

ಈ ವೃತ್ತಾಂತದಲ್ಲಿ ತಪ್ಪು ಯಾರದು? ಉಮಾಸ್ವಾಮಿ ಆಚಾರ್ಯರ ‘ತತ್ತ್ವಾರ್ಥಸೂತ್ರ’ದ ಆರನೆಯ ಅಧ್ಯಾಯದಲ್ಲಿ ಬರುವ ವಿಂಗಡಣೆಯು ಇಲ್ಲಿ ಓದುಗರಿಗೆ ಒಂದು ಅಳತೆಗೋಲಾಗಬಲ್ಲುದು. ಅಲ್ಲಿ ಕರ್ಮವನ್ನು ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳಲ್ಲಿಯೂ, ಕೃತ, ಕಾರಿತ, ಅನುಮತ ಎಂಬ ಮೂರು ವಿಧಗಳಲ್ಲಿಯೂ ಪರಿಶೀಲಿಸಲಾಗಿದೆ. ಸಂಕಲ್ಪ ಮೊದಲನೆಯದು, ಸಾಧನಗಳನ್ನು ಕೂಡಿಸುವುದು ಎರಡನೆಯದು, ಕ್ರಿಯೆಗೆ ತೊಡಗುವುದು ಮೂರನೆಯದು. ಹಾಗೆಯೇ ತಾನೇ ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡುವುದನ್ನು ಒಪ್ಪುವುದು. ಅಮೆರಿಕದ ಈ ಕಾದಂಬರಿಕಾರರಿಗೂ ಆ ಸೂತ್ರಕ್ಕೂ ಯಾವ ಸಂಬಂಧವೂ ಇಲ್ಲ. ಆದರೂ ಕಥೆಯ ರಚನೆ ಈ ಕ್ರಮಕ್ಕೆ ಹೊಂದುತ್ತದೆ. ಕ್ರಿಸ್‌ಳ ಮನಸ್ಸಿನಲ್ಲಿ ಸಂಕಲ್ಪ ಮೂಡುತ್ತದೆ. ಬಿಲ್ಲಿ ನೋಲನ್ ಮತ್ತು ಅವನ ಜೊತೆಗಾರರು ರಾತ್ರಿ ಹೊತ್ತು ಹಂದಿಗಳನ್ನು ಕೊಂದು ರಕ್ತ ತರುತ್ತಾರೆ, ಬಕೆಟ್ಟುಗಳನ್ನು ಮೇಲೆ ಕಟ್ಟುತ್ತಾರೆ. ಕೊನೆಗೆ ಹಗ್ಗವನ್ನು ಕ್ರಿಸ್ ಎಳೆಯುತ್ತಾಳೆ. ಸಂಚಿನ ಅರಿವೇ ಇಲ್ಲದ ಸಭಾಂಗಣದ ನೂರಾರು ಮಂದಿ ಮಾಡಿದ್ದು ನಕ್ಕದ್ದು ಮಾತ್ರ. ಆ ನಗು ಅನುಮತದ ಸ್ಥಾನದಲ್ಲಿದೆ.

ಬದುಕುಳಿದ ವಿದ್ಯಾರ್ಥಿನಿಯೊಬ್ಬಳ ಹೇಳಿಕೆಯಾಗಿ ಬರುವ ದಾಖಲೆಯಲ್ಲಿ, ಆ ಕ್ಷಣದಲ್ಲಿ ನಗದಿದ್ದರೆ ಹುಚ್ಚು ಹಿಡಿಯುತ್ತಿತ್ತು ಎಂಬ ಸಮರ್ಥನೆ ಇದೆ. ಇದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ವರ್ಷಗಟ್ಟಲೆ ಅದೇ ಹುಡುಗಿಯನ್ನು ನೋಡಿ ನಗುವುದನ್ನು ರೂಢಿ ಮಾಡಿಕೊಂಡವರಿಗೆ ಅಂದು ಬೇರೊಂದು ಪ್ರತಿಕ್ರಿಯೆ ಒದಗಲಿಲ್ಲ. ಕ್ರೂರಿಗಳು ಇಬ್ಬರೋ ಮೂವರೋ ಇದ್ದರು. ಅವರ ಕ್ರೌರ್ಯಕ್ಕೆ ಬಲ ಬಂದದ್ದು ಉಳಿದವರ ಅಭ್ಯಾಸದಿಂದ. ಕ್ಯಾರಿಯ ಸೇಡಿಗೆ ಈ ಭೇದಗಳಾವುವೂ ಇಲ್ಲ. ಸಂಚು ಮಾಡಿದವರನ್ನೂ, ನಕ್ಕವರನ್ನೂ, ಏನೂ ಅರಿಯದ ಊರಿನವರನ್ನೂ ಅದು ಒಂದೇ ಬೆಂಕಿಯಲ್ಲಿ ಸುಡುತ್ತದೆ. ಕಾದಂಬರಿ ಆ ಸೇಡನ್ನು ಸಮರ್ಥಿಸುವುದಿಲ್ಲ. ಮನೆಗೆ ಮರಳಿದ ಮಗಳಿಗೆ ತಾಯಿ ಚೂರಿಯಿಂದ ಇರಿಯುತ್ತಾಳೆ. ಮಗಳು ತಾಯಿಯ ಎದೆಬಡಿತವನ್ನು ನಿಲ್ಲಿಸುತ್ತಾಳೆ. ಗೆದ್ದವರು ಯಾರೂ ಇಲ್ಲ.

ಕಾಗದದ ಊರು

ಕೃತಿಯ ದಾಖಲೆರೂಪಕ್ಕೆ ಒಂದು ಲೌಕಿಕ ಕಾರಣವಿದೆ. ಮೊದಲ ಹಸ್ತಪ್ರತಿ ಸಣ್ಣಕಥೆಗೆ ದೀರ್ಘವೂ ಕಾದಂಬರಿಗೆ ಗಿಡ್ಡವೂ ಆಗಿತ್ತು. ಗಾತ್ರ ಹೆಚ್ಚಿಸಲು ಕಲ್ಪಿತ ದಾಖಲೆಗಳನ್ನು ಸೇರಿಸಿದ್ದಾಗಿ ಕಿಂಗ್ ಹೇಳಿದ್ದಾರೆ. ಕಾರಣ ಏನೇ ಇರಲಿ, ಈ ಸೇರ್ಪಡೆಯಿಂದ ಕಥೆಗೆ ಬೇರೆಯೇ ಆಯಾಮ ಒದಗಿತು. 1974ರಲ್ಲಿ ಅಚ್ಚಾದ ಕಾದಂಬರಿ 1979ರ ದುರಂತವನ್ನು ಹೇಳುತ್ತದೆ. ಅದರಲ್ಲಿ ಉದ್ಧೃತವಾಗುವ ಗ್ರಂಥಗಳ ಮೇಲೆ 1981, 1986ರಂತಹ ಇಸವಿಗಳಿವೆ. ಇನ್ನೂ ನಡೆಯದ ಘಟನೆಗೆ ಇತಿಹಾಸಲೇಖನವೊಂದು ಆಗಲೇ ಸಿದ್ಧವಾಗಿದೆ. ಓದುಗನಿಗೆ ದುರಂತದ ಸುಳಿವು ಮೊದಲೇ ಸಿಗುವುದರಿಂದ ‘ಮುಂದೇನು’ ಎಂಬ ಕುತೂಹಲ ಹಿಂದೆ ಸರಿದು, ‘ಇದು ಎಲ್ಲಿ ತಪ್ಪಬಹುದಿತ್ತು’ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಇದು ಇತಿಹಾಸಕಾರನ ಪ್ರಶ್ನೆ.

ಆದರೆ ಆ ದಾಖಲೆಗಳು ಈ ಪ್ರಶ್ನೆಯನ್ನು ಕೇಳುವುದಿಲ್ಲ. ಪ್ರಾಧ್ಯಾಪಕನ ಗ್ರಂಥಕ್ಕೆ ಕ್ಯಾರಿ ಅತೀಂದ್ರಿಯ ಶಕ್ತಿಯ ಒಂದು ಮಾದರಿ. ಅವನ ಆಸಕ್ತಿ ಆನುವಂಶಿಕತೆಯಲ್ಲಿ. ವೈಟ್ ಆಯೋಗಕ್ಕೆ ಅವಳೊಂದು ಆಡಳಿತದ ಸಮಸ್ಯೆ. ಹೊಣೆ ಹೊರಿಸಲು ಬದುಕಿರುವ ವ್ಯಕ್ತಿ ಬೇಕಾಗಿ ಅದು ಸ್ಯೂ ಸ್ನೆಲ್‌ಳನ್ನು ಶಂಕಿಸುತ್ತದೆ. ಪತ್ರಿಕೆಗಳಿಗೆ ಅವಳೊಂದು ಸುದ್ದಿ. ಜನರು ಕ್ಯಾರಿಯನ್ನು ಒಂದು ಸಂಕೇತವಾಗಿಸಿ, ಅವಳು ಆಸೆಗಳಿದ್ದ ಮನುಷ್ಯಳೆಂಬುದನ್ನು ಮರೆತಿದ್ದಾರೆಂದು ಸ್ಯೂ ತನ್ನ ಆತ್ಮಕಥನದಲ್ಲಿ ದೂರುತ್ತಾಳೆ. ಹಾಗೆ ದೂರುವವಳು ಸ್ನಾನದ ಕೋಣೆಯಲ್ಲಿ ಪ್ಯಾಡು ಎಸೆದವರಲ್ಲಿ ಒಬ್ಬಳು. ಅವಳ ಮಾತಿಗೆ ತೂಕ ಬರುವುದು ಆ ತಪ್ಪನ್ನು ಅವಳು ಮುಚ್ಚಿಡದಿರುವುದರಿಂದ. ಸಾಯುತ್ತಿರುವ ಕ್ಯಾರಿಯ ಬಳಿಗೆ ಕೊನೆಯಲ್ಲಿ ತಲುಪುವವಳೂ ಅವಳೇ.

ದಾಖಲೆಗಳ ಸಾಲು ಡೆಸ್ಕಿನ ಮೇಲಿನ ಬೈಗುಳದಿಂದ ಹೊರಟು, ಕ್ಯಾರಿಯ ಮನೆಯಿದ್ದ ಸುಟ್ಟ ನಿವೇಶನದಲ್ಲಿ ಯಾರೋ ಬರೆದಿಟ್ಟ ಇನ್ನೊಂದು ಬೈಗುಳದವರೆಗೆ ಸಾಗುತ್ತದೆ. ಮೊದಲನೆಯದು ಶಾಲಾಮಕ್ಕಳ ಭಾಷೆಯಲ್ಲಿ, ಎರಡನೆಯದು ಧರ್ಮದ ಭಾಷೆಯಲ್ಲಿ ಇದೆ. ಇವೆರಡರ ನಡುವೆ ಊರೇ ಸುಟ್ಟುಹೋಗಿದೆ. ಊರಿನ ಮಾತು ಬದಲಾಗಿಲ್ಲ.

ಅಧ್ಯಾಪಕರ ಪಾಲು

ಶಾಲಾ ಅಧ್ಯಾಪಕರೊಬ್ಬರು ಬರೆದ ಈ ಕೃತಿಯಲ್ಲಿ ಅಧ್ಯಾಪಕರ ಚಿತ್ರಣವನ್ನು ಪ್ರತ್ಯೇಕವಾಗಿ ನೋಡಬೇಕು. ವ್ಯಾಯಾಮ ಶಿಕ್ಷಕಿ ಮಿಸ್ ಡೆಜಾರ್ಡಿನ್ ಸ್ನಾನದ ಕೋಣೆಗೆ ಬಂದಾಗ ಮೊದಲು ಮಾಡುವ ಕೆಲಸವೆಂದರೆ ಕ್ಯಾರಿಯ ಕೆನ್ನೆಗೆ ಹೊಡೆಯುವುದು. ಹುಡುಗಿಗೆ ಏನೂ ಗೊತ್ತಿಲ್ಲವೆಂಬ ಅರಿವು ಅನಂತರ ಬರುತ್ತದೆ. ಆ ಹುಡುಗಿಯ ಬಗ್ಗೆ ಉಳಿದವರಿಗೆ ಬಂದ ಅಸಹ್ಯ ತನಗೂ ಬಂದಿತ್ತೆಂದು ಅವಳು ಸಹೋದ್ಯೋಗಿಯ ಮುಂದೆ ಒಪ್ಪಿಕೊಳ್ಳುತ್ತಾಳೆ. ಆಮೇಲೆ ತಪ್ಪಿತಸ್ಥ ಹುಡುಗಿಯರಿಗೆ ಶಿಕ್ಷೆ ಕೊಡಿಸುವವಳೂ ಅವಳೇ. ದುರಂತದ ನಂತರ ಬರೆದ ರಾಜೀನಾಮೆ ಪತ್ರದಲ್ಲಿ, ತಾನು ಆ ಹುಡುಗಿಯ ಕಡೆಗೆ ಕೈ ಚಾಚಿದ್ದರೆ ಎಂಬ ಕೊರಗನ್ನು ಅವಳು ತೋಡಿಕೊಳ್ಳುತ್ತಾಳೆ. ನಿಯಮದ ಪ್ರಕಾರ ಅವಳು ಮಾಡಬೇಕಾದುದನ್ನೆಲ್ಲ ಮಾಡಿದ್ದಳು. ಹೊಡೆದವರಿಗೆ ಶಿಕ್ಷೆ ಸಿಕ್ಕಿತು; ಹೊಡೆಸಿಕೊಂಡವಳ ಜೊತೆ ಯಾರೂ ಕುಳಿತು ಮಾತನಾಡಲಿಲ್ಲ.

ಇನ್ನೊಬ್ಬ ಅಧ್ಯಾಪಕನ ಉಲ್ಲೇಖ ಕೆಲವೇ ಸಾಲುಗಳದು, ಓದುವ ಭರದಲ್ಲಿ ತಪ್ಪಿಹೋಗಬಹುದಾದದ್ದು. ಏಳನೆಯ ತರಗತಿಯಲ್ಲಿ ಕ್ಯಾರಿ ಮನೆಗೆಲಸವಾಗಿ ಬರೆದುಕೊಟ್ಟ ಒಂದು ಪುಟ್ಟ ಕವಿತೆ ದಾಖಲೆಗಳಲ್ಲಿ ಸೇರಿದೆ. ಹಾಳೆಯ ಅಂಚಿನಲ್ಲಿ ಅವಳು ಶಿಲುಬೆಯ ಪುಟ್ಟ ಆಕೃತಿಗಳನ್ನು ಬಿಡಿಸಿದ್ದಾಳೆ. ಇಷ್ಟೊಂದು ಕಾಗದಗಳ ರಾಶಿಯಲ್ಲಿ ಅವಳದೇ ಕೈಬರಹವೆನ್ನಬಹುದಾದದ್ದು ತೀರ ಕಡಮೆ. ಆ ಕವಿತೆಯನ್ನು ಉಳಿಸಿಕೊಂಡಿದ್ದ ಇಂಗ್ಲಿಷ್ ಅಧ್ಯಾಪಕ, ಅದನ್ನೇಕೆ ಉಳಿಸಿಕೊಂಡೆನೋ ತನಗೇ ತಿಳಿಯದೆಂದೂ, ಹುಡುಗಿ ತರಗತಿಯಲ್ಲಿ ಒಮ್ಮೆಯೂ ಕೈಯೆತ್ತಿದ ನೆನಪಿಲ್ಲವೆಂದೂ ಹೇಳುತ್ತಾನೆ. ಆ ಅಧ್ಯಾಪಕನ ಹೆಸರು ಎಡ್ವಿನ್ ಕಿಂಗ್.

ಅದು ಲೇಖಕರ ನಡುವಿನ ಹೆಸರು ಮತ್ತು ಮನೆತನದ ಹೆಸರು. ಹ್ಯಾಂಪ್ಡನ್‌ನಲ್ಲಿ ಹಗಲು ಪಾಠ ಹೇಳಿ ರಾತ್ರಿ ಈ ಕೃತಿ ಬರೆದ ಯುವ ಅಧ್ಯಾಪಕರು ತಮ್ಮನ್ನು ದೋಷಿಗಳ ಪಟ್ಟಿಯಿಂದ ಹೊರಗಿಟ್ಟಿಲ್ಲ. ಕಥೆಯೊಳಗಿನ ಎಡ್ವಿನ್ ಕಿಂಗ್ ಕೆಟ್ಟವನಲ್ಲ. ವಿದ್ಯಾರ್ಥಿನಿಯ ಹಾಳೆಯನ್ನು ಜೋಪಾನ ಮಾಡಿದವನು. ಅವನ ಬಳಿ ಹಾಳೆ ಉಳಿಯಿತು, ಹುಡುಗಿಯ ನೆನಪು ಉಳಿಯಲಿಲ್ಲ. ತರಗತಿಯಲ್ಲಿ ಸಹಪಾಠಿಯಾಗಿ ಇಬ್ಬರು ಹುಡುಗಿಯರನ್ನು ನೋಡಿ ಸುಮ್ಮನಿದ್ದ ಬಾಲಕನ ಲಜ್ಜೆ, ಗುಂಪಿನಲ್ಲಿ ಒಬ್ಬಳನ್ನು ಗಮನಿಸದ ಅಧ್ಯಾಪಕನ ಲಜ್ಜೆಯಾಗಿ ಇಲ್ಲಿ ಮರಳಿದೆ ಎನ್ನಲು ಅವಕಾಶವಿದೆ.

ಪ್ರಕಟಣೆಯ ನಂತರ

1973ರಲ್ಲಿ ಡಬಲ್‌ಡೇಯ ಸಂಪಾದಕ ಬಿಲ್ ಥಾಂಪ್ಸನ್ ಹಸ್ತಪ್ರತಿಯನ್ನು ಸ್ವೀಕರಿಸಿ, ಟೆಲಿಫೋನಿಲ್ಲದ ಮನೆಗೆ ತಂತಿ ಕಳುಹಿಸಿದರು. ಮುಂಗಡ 2,500 ಡಾಲರ್. ಕೆಲವೇ ತಿಂಗಳಲ್ಲಿ ಕಾಗದದ ಹೊದಿಕೆಯ ಅಗ್ಗದ ಆವೃತ್ತಿಯ ಹಕ್ಕು 4,00,000 ಡಾಲರಿಗೆ ಮಾರಾಟವಾಯಿತು; ಒಪ್ಪಂದದಂತೆ ಅರ್ಧ ಲೇಖಕರದು. ಮೂವತ್ತು ವರ್ಷ ಪಾಠ ಹೇಳಿದರೂ ಆ ಸಂಬಳದಲ್ಲಿ ಕೂಡಿಸಲಾಗದ ಹಣ ಅದು. ಕಿಂಗ್ ಅಧ್ಯಾಪನವನ್ನು ಬಿಟ್ಟರು. ಪುಸ್ತಕ ಅಂಗಡಿಗೆ ಬರುವ ಮೊದಲೇ ಕ್ಯಾನ್ಸರಿನಿಂದ ತಾಯಿ ತೀರಿಕೊಂಡರು. ಗಟ್ಟಿ ರಟ್ಟಿನ ಮೊದಲ ಆವೃತ್ತಿ ಸುಮಾರು 13,000 ಪ್ರತಿಗಳಷ್ಟೇ ಖರ್ಚಾಯಿತು. 1975ರ ಅಗ್ಗದ ಆವೃತ್ತಿ ಒಂದೇ ವರ್ಷದಲ್ಲಿ ಹತ್ತು ಲಕ್ಷವನ್ನು ಮೀರಿತು.

1976ರಲ್ಲಿ ಬ್ರಯನ್ ಡಿ ಪಾಲ್ಮಾ ನಿರ್ದೇಶಿಸಿದ ಚಲನಚಿತ್ರ ಬಂದಿತು. ಕ್ಯಾರಿಯಾಗಿ ಸಿಸ್ಸಿ ಸ್ಪೇಸೆಕ್, ತಾಯಿಯಾಗಿ ಪೈಪರ್ ಲಾರಿ ಇಬ್ಬರೂ ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶಿತರಾದರು. ಚಿತ್ರ ಸಮರ್ಥವಾದುದೇ. ಆದರೆ ಅದು ದಾಖಲೆಗಳನ್ನು ಪೂರ್ತಿಯಾಗಿ ಕೈಬಿಟ್ಟಿತು. ಆಯೋಗ ಹೋಯಿತು, ಪ್ರಾಧ್ಯಾಪಕನ ಗ್ರಂಥ ಹೋಯಿತು, ಏಳನೆಯ ತರಗತಿಯ ಕವಿತೆಯೂ ಹೋಯಿತು. ದಪ್ಪನೆಯ ಮೈಯ, ಮೊಡವೆ ತುಂಬಿದ ಮುಖದ ಕಾದಂಬರಿಯ ಹುಡುಗಿಯ ಸ್ಥಾನದಲ್ಲಿ ತೆಳ್ಳನೆಯ ನಟಿ ಬಂದರು. ಜನಮನದಲ್ಲಿ ನಿಂತದ್ದು ರಕ್ತದ ದೃಶ್ಯ. ಮುಂದೆ 1988ರಲ್ಲಿ ಬ್ರಾಡ್‌ವೇಯ ಸಂಗೀತ ನಾಟಕವಾಗಿ ಬಂದು ಐದೇ ಪ್ರದರ್ಶನಗಳಲ್ಲಿ ಮುಗಿದುಹೋದದ್ದು, 2002 ಮತ್ತು 2013ರಲ್ಲಿ ಮತ್ತೆ ಚಿತ್ರವಾದದ್ದು ಈ ಜನಪ್ರಿಯತೆಯ ಮುಂದುವರಿಕೆ. ಇದೇ ಅವಧಿಯಲ್ಲಿ ಹಲವು ಶಾಲಾ ಗ್ರಂಥಾಲಯಗಳಲ್ಲಿ ಕೃತಿಗೆ ವಿರೋಧ ಬಂದಿತು. 1990ರ ದಶಕದಲ್ಲಿ ಅತಿ ಹೆಚ್ಚು ಆಕ್ಷೇಪಕ್ಕೆ ಒಳಗಾದ ನೂರು ಪುಸ್ತಕಗಳೆಂದು ಅಮೆರಿಕದ ಗ್ರಂಥಾಲಯ ಸಂಘ ಮಾಡಿದ ಪಟ್ಟಿಯಲ್ಲಿ ‘ಕ್ಯಾರಿ’ ಸೇರಿದೆ.

ಇದರೊಂದಿಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. 1977ರಲ್ಲಿ ರಿಚರ್ಡ್ ಬ್ಯಾಕ್‌ಮನ್ ಎಂಬ ಗುಪ್ತನಾಮದಲ್ಲಿ ಕಿಂಗ್ ‘ರೇಜ್’ ಎಂಬ ಕಾದಂಬರಿಯನ್ನು ಪ್ರಕಟಿಸಿದ್ದರು. ಬಂದೂಕು ಹಿಡಿದು ತರಗತಿಯನ್ನು ಒತ್ತೆಯಾಳಾಗಿಸುವ ವಿದ್ಯಾರ್ಥಿಯ ಕಥೆ ಅದು. 1997ರಲ್ಲಿ ಕೆಂಟಕಿಯ ಶಾಲೆಯೊಂದರಲ್ಲಿ ನಡೆದ ಗುಂಡಿನ ದಾಳಿಯ ನಂತರ ಕಿಂಗ್ ತಾವೇ ಆ ಕೃತಿಯ ಮರುಮುದ್ರಣವನ್ನು ನಿಲ್ಲಿಸಿದರು. ‘ಕ್ಯಾರಿ’ಯನ್ನು ಅವರು ಹಿಂತೆಗೆಯಲಿಲ್ಲ. ಮನಸ್ಸಿನ ಬಲದಿಂದ ಊರು ಸುಡುವುದನ್ನು ಯಾರೂ ಅನುಕರಿಸಲಾರರೆಂಬುದು ಮೇಲುನೋಟದ ವ್ಯತ್ಯಾಸ. ಒಳಗಿನ ವ್ಯತ್ಯಾಸವು ರೂಪದಲ್ಲಿದೆ. ‘ರೇಜ್’ ದಾಳಿಕೋರನ ಸ್ವಗತ. ಓದುಗನಿಗೆ ಆ ತಲೆಯಿಂದ ಹೊರಬರಲು ದಾರಿಯಿಲ್ಲ. ‘ಕ್ಯಾರಿ’ಯ ದಾಖಲೆಗಳು ಓದುಗನನ್ನು ಒಂದೊಂದು ಸಲ ಒಂದೊಂದು ಕಡೆ ನಿಲ್ಲಿಸುತ್ತವೆ: ನಕ್ಕವರ ಸಾಲಿನಲ್ಲಿ, ಸುಮ್ಮನಿದ್ದವರ ಸಾಲಿನಲ್ಲಿ, ವಿಚಾರಣೆ ಮಾಡುವವರ ಸಾಲಿನಲ್ಲಿ.

ಉಪಸಂಹಾರ

ಕಾದಂಬರಿಯ ಕೊನೆಯಲ್ಲಿ ವೈಟ್ ಆಯೋಗವು ಇಂತಹ ಘಟನೆ ಮರುಕಳಿಸುವುದೆಂದು ನಂಬಲು ಕಾರಣವಿಲ್ಲವೆಂಬ ತೀರ್ಮಾನಕ್ಕೆ ಬರುತ್ತದೆ. ಅದರ ಬೆನ್ನಿಗೆ ಕೊನೆಯ ದಾಖಲೆಯಾಗಿ ಟೆನೆಸಿ ರಾಜ್ಯದ ಹೆಂಗಸೊಬ್ಬಳು ಬಂಧುವಿಗೆ ಬರೆದ ಪತ್ರ ಬರುತ್ತದೆ. ತನ್ನ ಪುಟ್ಟ ಮಗಳು ಕೈತಾಗಿಸದೆ ಗೋಲಿಗಳನ್ನು ಆಡಿಸುತ್ತಾಳೆಂದು ಅವಳು ಸಂತೋಷದಿಂದ ಬರೆದಿದ್ದಾಳೆ. ಇದನ್ನು ಭಯಾನಕ ಕಥೆಗಳ ವಾಡಿಕೆಯಂತೆ ಮುಂದಿನ ಅಪಾಯದ ಸೂಚನೆಯೆಂದು ಓದುವುದು ರೂಢಿ. ಆದರೆ ಆ ಪತ್ರದಲ್ಲಿ ಭಯವಿಲ್ಲ, ಶಾಪವಿಲ್ಲ. ಮಗುವಿನ ಬಗ್ಗೆ ಅಕ್ಕರೆ ಇದೆ. ಮಾರ್ಗರೆಟ್ ವೈಟ್ ತನ್ನ ಕೂಸಿನಲ್ಲಿ ಪಾಪವನ್ನು ಕಂಡ ಕಡೆ ಈ ತಾಯಿ ಮಗುವನ್ನೇ ಕಾಣುತ್ತಾಳೆ. ಶಕ್ತಿ ಅದೇ ಇದ್ದರೂ ಅದರ ಗತಿ ಬೇರೆಯಾಗಬಹುದೆಂಬ ಸಾಧ್ಯತೆಯನ್ನು ಕಿಂಗ್ ಅಲ್ಲಿ ತೆರೆದಿಟ್ಟಿದ್ದಾರೆ.

ಭಯಾನಕ ಸಾಹಿತ್ಯವನ್ನು ಅಗ್ಗದ ರಂಜನೆಯೆಂದು ಬದಿಗಿಡುವ ಪ್ರವೃತ್ತಿ ವಿದ್ವತ್ ವಲಯದಲ್ಲಿ ಹಳೆಯದು. 2003ರಲ್ಲಿ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರತಿಷ್ಠಾನ ಕಿಂಗ್ ಅವರಿಗೆ ಪದಕ ಕೊಟ್ಟಾಗ ಹೆರಾಲ್ಡ್ ಬ್ಲೂಮ್ ಅವರಂತಹ ಹಿರಿಯ ವಿಮರ್ಶಕರು ಕಟುವಾಗಿ ವಿರೋಧಿಸಿದರು. ಶೈಲಿಯ ಪ್ರಶ್ನೆಯಲ್ಲಿ ಆ ವಾದಕ್ಕೆ ಸ್ವಲ್ಪ ಆಧಾರವಿರಬಹುದು. ‘ಕ್ಯಾರಿ’ ಅವಸರದ, ಒರಟು ಬರವಣಿಗೆಯ ಕೃತಿ. ಆದರೆ ಒಂದು ಸಮುದಾಯವು ತಾನು ನಗುತ್ತಾ ಕೆಡವಿದ ಮನುಷ್ಯಳನ್ನು ಅನಂತರ ಹೇಗೆ ಕಡತವನ್ನಾಗಿ ಮಾರ್ಪಡಿಸುತ್ತದೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಕೃತಿಗಳು ವಿರಳ. ದಾಖಲೆಗಳನ್ನು ಆಧರಿಸಿ ಗತಕಾಲವನ್ನು ಕಟ್ಟುವ ಸಂಶೋಧಕರಿಗೂ, ಹಾಜರಿ ಪುಸ್ತಕದಿಂದ ವಿದ್ಯಾರ್ಥಿಗಳ ಹೆಸರು ಕೂಗುವ ಅಧ್ಯಾಪಕರಿಗೂ ಎಡ್ವಿನ್ ಕಿಂಗ್ ಉಳಿಸಿಕೊಂಡ ಆ ಒಂದು ಹಾಳೆ ಎಚ್ಚರಿಕೆಯಾಗಿ ನಿಲ್ಲುತ್ತದೆ.